ಎಲೆಯ ಮೇಣದ ಪದರ, ಕಳೆನಾಶಕ ಮತ್ತು ಸರ್ಫ್ಯಾಕ್ಟೆಂಟ್

ಕೊಪ್ಪಳದ ಕಡೆಯ ಉಳ್ಳಾಗಡ್ಡಿ ಹೊಲದಲ್ಲಿ ಒಂದು ಎಲೆಯ ಮೇಲೆ ಬರಿ ನೀರಿನ ಹನಿ ಬಿಟ್ಟು ನೋಡಿ: ಹನಿ ಮಣಿಯಂತೆ ಗುಂಡಗೆ ನಿಂತು, ಎಲೆ ತುಸು ಅಲುಗಿದರೂ ಉರುಳಿ ಬೀಳುತ್ತದೆ. ಅದೇ ನೀರಿಗೆ ಸರ್ಫ್ಯಾಕ್ಟೆಂಟ್, ಅಂದರೆ ಸಾಬೂನಿನಂತೆ ನೀರನ್ನು ಹರಡಿಸುವ ರಾಸಾಯನಿಕ, ಬೆರೆಸಿದರೆ ಹನಿ ಚಪ್ಪಟೆಯಾಗಿ ಹರಡಿ ಎಲೆಗೆ ಹತ್ತಿಕೊಳ್ಳುತ್ತದೆ. ರೈತರು ಇದನ್ನು ‘ಗಮ್’ ಎನ್ನುವುದು ಈ ಕಾರಣಕ್ಕೇ. ಆದರೆ ಅಂಟಿಸುವ ಕೆಲಸವನ್ನಷ್ಟೇ ಓದಿ ಬಿಟ್ಟರೆ ವಿಷಯದ ಅರ್ಧ ಕೈತಪ್ಪುತ್ತದೆ. ಹನಿ ಆರತೊಡಗಿದ ಮೇಲೆ ನಡೆಯುವುದೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ.

ಹನಿಯನ್ನು ಗುಂಡಗೆ ಹಿಡಿದಿಡುವ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸಾಮಾನ್ಯ ಸರ್ಫ್ಯಾಕ್ಟೆಂಟ್‌ಗಳು ಅದನ್ನು 30ರ ಆಸುಪಾಸಿಗೂ, ಆರ್ಗನೋಸಿಲಿಕೋನ್ ಬಗೆಯವು 20ರ ಸಮೀಪಕ್ಕೂ ಇಳಿಸುತ್ತವೆ. ಪತ್ರರಂಧ್ರದೊಳಗೆ ದ್ರಾವಣ ನೇರವಾಗಿ ನುಗ್ಗುವುದು ಈ ಎರಡನೆಯ ಬಗೆಯಲ್ಲಿ ಮಾತ್ರ ಸಾಧ್ಯ. ಉಳಿದೆಲ್ಲ ಸಂದರ್ಭಗಳಲ್ಲಿ ಕಳೆನಾಶಕ ಔಷಧಿ ಎಲೆಯ ಹೊರಪದರವಾದ ಕ್ಯುಟಿಕಲ್ಲನ್ನೇ ದಾಟಬೇಕು.

ಕ್ಯುಟಿಕಲ್ ಎಂದರೆ ಕ್ಯುಟಿನ್ ಎಂಬ ಜಾಲ, ಅದರೊಳಗೂ ಮೇಲೂ ತುಂಬಿದ ಮೇಣ. 2,4-ಡಿ ಎಂಬ ಕಳೆನಾಶಕದ ಎಸ್ಟರ್ ರೂಪದಂತಹ ಕೊಬ್ಬಿನಲ್ಲಿ ಕರಗುವ ಔಷಧಿ ಮೇಣದಲ್ಲೇ ಕರಗಿ ಒಳಸರಿಯುತ್ತದೆ. ಗ್ಲೈಫೋಸೇಟ್‌ನಂತಹ ನೀರಿನಲ್ಲಿ ಕರಗುವ ಔಷಧಿಗೆ ಆ ದಾರಿ ಮುಚ್ಚಿದಂತೆಯೇ; ಅದು ಕ್ಯುಟಿಕಲ್‌ನ ತೇವವುಳ್ಳ ಅತಿಸೂಕ್ಷ್ಮ ರಂಧ್ರಗಳನ್ನೇ ನೆಚ್ಚಿಕೊಳ್ಳಬೇಕು. ಸರ್ಫ್ಯಾಕ್ಟೆಂಟ್ ಎರಡೂ ಕಡೆ ಕೆಲಸ ಮಾಡುತ್ತದೆ, ಆದರೆ ಬೇರೆ ಬೇರೆ ರೀತಿಯಲ್ಲಿ. ಸರ್ಫ್ಯಾಕ್ಟೆಂಟ್ ಅಣುವಿನ ನೀರುಪ್ರಿಯ ಭಾಗವಾದ ಎಥಿಲೀನ್ ಆಕ್ಸೈಡ್ ಸರಪಳಿ ಗಿಡ್ಡವಾಗಿದ್ದರೆ ಸರ್ಫ್ಯಾಕ್ಟೆಂಟ್ ತಾನೇ ಮೇಣದೊಳಕ್ಕೆ ಸೇರಿ, ಬಿಗಿಯಾಗಿ ಕೂತ ಮೇಣದ ಅಣುಗಳನ್ನು ಸಡಿಲಿಸಿ, ಕೊಬ್ಬುಪ್ರಿಯ ಔಷಧಿಯ ಚಲನೆಗೆ ವೇಗ ಕೊಡುತ್ತದೆ. ಸರಪಳಿ ಉದ್ದವಾಗಿದ್ದರೆ ತೇವಾಂಶವನ್ನು ಹಿಡಿದಿಟ್ಟುಕೊಂಡು ನೀರುಪ್ರಿಯ ಔಷಧಿಗೆ ನೆರವಾಗುತ್ತದೆ.

ರಾಯಚೂರಿನ ಬೇಸಿಗೆಯನ್ನು ಕಂಡವರಿಗೆ ಈ ಕೊನೆಯ ಮಾತಿನ ತೂಕ ತಿಳಿದೀತು. ಮಧ್ಯಾಹ್ನ ಸಿಂಪಡಿಸಿದ ಹನಿ ಬೇಗನೆ ಒಣಗಿ, ಔಷಧಿ ಹರಳುಗಟ್ಟಿ ಎಲೆಯ ಮೇಲೆ ಬಿಳಿ ಕಲೆಯಾಗಿ ಉಳಿದರೆ, ಅದು ಒಳಹೋಗುವುದು ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಕೊಳವೆಬಾವಿಯ ಗಡಸು ನೀರಿನ ತೊಂದರೆ ಇದಕ್ಕಿಂತ ಬೇರೆ: ಕ್ಯಾಲ್ಸಿಯಂ ಗ್ಲೈಫೋಸೇಟ್‌ಗೆ ಕಟ್ಟಿಕೊಳ್ಳುತ್ತದೆ, ಅದನ್ನು ಸರ್ಫ್ಯಾಕ್ಟೆಂಟ್ ಬಿಡಿಸಲಾರದು, ಅದಕ್ಕೆ ಅಮೋನಿಯಂ ಸಲ್ಫೇಟ್ ಬೇಕು.

ಹೆಚ್ಚು ನುಗ್ಗಿದಷ್ಟೂ ಒಳ್ಳೆಯದೆಂಬ ಎಣಿಕೆ ಮಾತ್ರ ಬೇಡ. ಉಳ್ಳಾಗಡ್ಡಿಯಲ್ಲಿ ಆಕ್ಸಿಫ್ಲೋರ್ಫೆನ್ ಎಂಬ ಕಳೆನಾಶಕ ಬಳಸುವಾಗ ಬೆಳೆಯನ್ನು ಕಾಯುವುದರಲ್ಲಿ, ಹನಿಯನ್ನು ಉರುಳಿಸುವ ಆ ಮೇಣದ ಪಾಲು ದೊಡ್ಡದು. ಅಲ್ಲಿ ಸರ್ಫ್ಯಾಕ್ಟೆಂಟ್ ಸೇರಿಸಿದರೆ ಕಳೆಯ ಜೊತೆಗೆ ಬೆಳೆಯ ಎಲೆಯೂ ಸುಡುತ್ತದೆ.