ಹಳೆಯ ಸ್ಪಾರ್ಕ್‌ಸ್ಟೇಷನ್ ಸತ್ತಿಲ್ಲ, ಬ್ಯಾಟರಿ ಸತ್ತಿದೆ

ವರ್ಷಗಟ್ಟಲೆ ಮೂಲೆಯಲ್ಲಿದ್ದ ಸ್ಪಾರ್ಕ್‌ಸ್ಟೇಷನ್‌ಗೆ, ಅಂದರೆ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಹಳೆಯ ಕಂಪ್ಯೂಟರಿಗೆ, ಕರೆಂಟ್ ಕೊಟ್ಟರೆ ಪರದೆಯ ಮೇಲೆ ಬರುವ ಮೊದಲ ದೂರು ಸಾಮಾನ್ಯವಾಗಿ ಒಂದೇ: 'ಐಡಿಪ್ರಾಮ್ ಮಾಹಿತಿ ಸರಿಯಿಲ್ಲ.' ಐಡಿಪ್ರಾಮ್ ಅಂದರೆ ಯಂತ್ರದ ಗುರುತಿನ ದಾಖಲೆ. ಅದನ್ನು ನೋಡಿದ ಕೂಡಲೇ ಬೋರ್ಡ್ ಹೋಗಿದೆ ಅಂದುಕೊಂಡು ಗುಜರಿಗೆ ಹಾಕಿಬಿಡುತ್ತಾರೆ. ಎಂಥೆಂಥ ಒಳ್ಳೆಯ ಯಂತ್ರಗಳು ಹೀಗೆ ಸುಮ್ನೆ ಹಾಳಾಗಿವೆಯೋ! ಬೋರ್ಡಿಗೆ ಏನೂ ಆಗಿರುವುದಿಲ್ಲ. ಒಂದು ಚಿಪ್ಪಿನೊಳಗಿನ ಪುಟ್ಟ ಬ್ಯಾಟರಿ ಮುಗಿದಿರುತ್ತದೆ, ಅಷ್ಟೇ.

ಇದರ ಜೊತೆಗೆ ಇನ್ನೊಂದು ತಪ್ಪು ನಂಬಿಕೆ ಇದೆ. ವಯಸ್ಸಾದಂತೆ ಕಂಪ್ಯೂಟರ್ ನಿಧಾನವಾಗುತ್ತದಂತೆ. 1994ರ ಸ್ಪಾರ್ಕ್‌ಸ್ಟೇಷನ್ 5ರಲ್ಲಿ 85 ಮೆಗಾಹರ್ಟ್ಸ್ ಪ್ರೊಸೆಸರ್ ಇದ್ದರೆ, ಅದು ಅಂದು ಸೆಕೆಂಡಿಗೆ 8.5 ಕೋಟಿ ಸಲ ಮಿಡಿಯುತ್ತಿತ್ತು. ಇಂದೂ ಅಷ್ಟೇ ಮಿಡಿಯುತ್ತದೆ. ಭಾರವಾಗಿರುವುದು ನಾವು ಅದರ ಮೇಲೆ ಹೇರುವ ತಂತ್ರಾಂಶ.

ಈಗ ಆ ಚಿಪ್ಪಿನ ವಿಷಯಕ್ಕೆ ಬರೋಣ. ಸ್ಪಾರ್ಕ್‌ಸ್ಟೇಷನ್ 5ರಲ್ಲಿ ಅದರ ಹೆಸರು ಎಂ48ಟಿ08. ಗಡಿಯಾರ, 8 ಕಿಲೋಬೈಟ್ ನೆನಪು, ಲಿಥಿಯಂ ಬ್ಯಾಟರಿ ಮೂರನ್ನೂ ಒಂದೇ ಪ್ಲಾಸ್ಟಿಕ್ ಅಚ್ಚಿನಲ್ಲಿ ಸೇರಿಸಿಬಿಟ್ಟಿದ್ದಾರೆ. ಬ್ಯಾಟರಿ ಬದಲಿಸಲು ಬಾಗಿಲೇ ಇಲ್ಲ. ಈ ನೆನಪಿನಲ್ಲಿ 16 ಬೈಟ್‌ಗಳು ಯಂತ್ರದ ಗುರುತಿಗೆ ಮೀಸಲು. ಮೊದಲನೆಯದು ಯಾವಾಗಲೂ 1. ಎರಡನೆಯದು ಯಂತ್ರದ ಮಾದರಿ. ಆಮೇಲಿನ ಆರು ಬೈಟ್ ಈಥರ್ನೆಟ್ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಈ ಯಂತ್ರವನ್ನು ಗುರುತಿಸುವ ಸಂಖ್ಯೆ. ನಂತರ ತಾರೀಕು, ಕ್ರಮಸಂಖ್ಯೆ. ಕೊನೆಯ ಬೈಟ್ ಬರೀ ತಾಳೆ ನೋಡಲಿಕ್ಕೆ.

ಆ ತಾಳೆಯ ಲೆಕ್ಕ ನನಗೆ ಬಹಳ ಇಷ್ಟ. ಹದಿನಾರೂ ಬೈಟ್‌ಗಳನ್ನು ಸೊನ್ನೆ–ಒಂದುಗಳಾಗಿ ಒಂದರ ಕೆಳಗೊಂದು ಬರೆಯಿರಿ. ಒಂದು ಬೈಟಿನಲ್ಲಿ ಎಂಟು ಬಿಟ್, ಹಾಗಾಗಿ ಎಂಟು ಕಂಬಸಾಲುಗಳಾಗುತ್ತವೆ. ಪ್ರತಿ ಕಂಬಸಾಲಿನಲ್ಲೂ ಒಂದುಗಳ ಸಂಖ್ಯೆ ಸಮವಾಗಿರಬೇಕು. ಮೊದಲ ಹದಿನೈದರಲ್ಲಿ ಎಲ್ಲಿ ಬೆಸ ಬಂದಿದೆಯೋ ಅಲ್ಲಿ ಹದಿನಾರನೆಯ ಬೈಟ್ ಒಂದು ಸೇರಿಸಿ ಸಮ ಮಾಡುತ್ತದೆ. ಎಲ್ಲೋ ಒಂದು ಬಿಟ್ ಬದಲಾದರೂ ಆ ಸಾಲು ಬೆಸವಾಗುತ್ತದೆ, ಕಳ್ಳತನ ಸಿಕ್ಕಿಬೀಳುತ್ತದೆ. ಒಂದೇ ಸಾಲಿನಲ್ಲಿ ಎರಡು ಬಿಟ್ ಕೆಟ್ಟರೆ ಮಾತ್ರ ತಪ್ಪಿಸಿಕೊಳ್ಳಬಹುದು.

ಬ್ಯಾಟರಿ ಸತ್ತಾಗ ಈ ಗುರುತು ಅಳಿಸಿಹೋಗುತ್ತದೆ. ಆಗ ಈಥರ್ನೆಟ್ ವಿಳಾಸದಲ್ಲಿ ಎಲ್ಲಾ ಬಿಟ್‌ಗಳೂ ಒಂದು ಎಂದು ಕಾಣಿಸುವುದುಂಟು. ನೆಟ್‌ವರ್ಕಿನಲ್ಲಿ ಅದಕ್ಕೆ 'ಎಲ್ಲರೂ' ಎಂದರ್ಥ. ನನ್ನ ಹೆಸರು 'ಎಲ್ಲರೂ' ಎನ್ನುವವರಿಗೆ ಪತ್ರ ತಲುಪಿಸುವುದು ಹೇಗೆ? ನೆಟ್‌ವರ್ಕ್ ಅಲ್ಲೇ ನಿಂತುಹೋಗುತ್ತದೆ.

ದುರಸ್ತಿ ಕಷ್ಟವಲ್ಲ. ಚಿಪ್ ಸಾಕೆಟ್ಟಿನಲ್ಲಿ ಕೂತಿರುತ್ತದೆ, ಕಿತ್ತು ತೆಗೆಯಬಹುದು. ಮೇಲಿನ ಪ್ಲಾಸ್ಟಿಕ್ಕನ್ನು ಅರದಿಂದ ಉಜ್ಜಿ, ಒಳಗಿನ ಬ್ಯಾಟರಿಯ ಸಂಪರ್ಕ ಕಡಿದು, ಎರಡು ವೈರ್ ಬೆಸುಗೆ ಹಾಕಿ ಹೊರಗೆ 3 ವೋಲ್ಟಿನ ನಾಣ್ಯದಂಥ ಸೆಲ್ ಕೂರಿಸಿದರೆ ಆಯಿತು. ಅರದ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಆಮೇಲೆ ಯಂತ್ರಕ್ಕೆ ಮತ್ತೆ ಗುರುತು ಕೊಡಬೇಕು. ಸನ್ ಯಂತ್ರದ ಕೀಲಿಮಣೆಯಲ್ಲಿ ಸ್ಟಾಪ್ ಮತ್ತು ಎ ಒಟ್ಟಿಗೆ ಒತ್ತಿದರೆ 'ಓಕೆ' ಎಂಬ ಪುಟ್ಟ ಆಹ್ವಾನ ಮೂಡುತ್ತದೆ. ಅದರ ಹಿಂದೆ ಫೋರ್ತ್ ಎಂಬ ಇಡೀ ಪ್ರೋಗ್ರಾಮಿಂಗ್ ಭಾಷೆಯೇ ಇದೆ! ಚಾರ್ಲ್ಸ್ ಮೂರ್ ಎಂಬಾತ ರೂಪಿಸಿದ್ದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಅರಿಜೋನಾದ ಕಿಟ್ ಪೀಕ್ ಬೆಟ್ಟದಲ್ಲಿ ಇದು ರೇಡಿಯೋ ದೂರದರ್ಶಕವನ್ನು ನಡೆಸುತ್ತಿತ್ತು. ಸನ್ ಕಂಪನಿಯಲ್ಲಿ ಮಿಚ್ ಬ್ರಾಡ್ಲಿ ಅದನ್ನು ಯಂತ್ರ ಎಬ್ಬಿಸುವ ಕೆಲಸಕ್ಕೆ ತಂದರು. 1994ರಲ್ಲಿ ಅದು ಎಂಜಿನಿಯರುಗಳ ಸಂಸ್ಥೆಯಾದ ಐಟ್ರಿಪಲ್ಇಯ 1275 ಎಂಬ ಮಾನದಂಡವಾಯಿತು. ಮುಂದೆ ಆಪಲ್‌ನ ಪವರ್ ಮ್ಯಾಕ್‌ಗಳಲ್ಲೂ ಬಂತು.

ಫೋರ್ತ್‌ನಲ್ಲಿ ಮೊದಲು ವಸ್ತು, ಕೊನೆಗೆ ಕ್ರಿಯೆ. '2 3 +' ಅಂದರೆ ಎರಡು, ಮೂರು, ಕೂಡಿಸು. ಕನ್ನಡದ ವಾಕ್ಯದ ಹಾಗೇ, ಅಲ್ವಾ? ನಮಗೆ ಇದು ಸಹಜವಾಗಿ ಕೈಗೆ ಹತ್ತಬೇಕು. ಗುರುತು ಬರೆಯುವ ಆಜ್ಞೆಯ ಹೆಸರು ಎಂಕೆಪಿ (mkp). '1 0 ಎಂಕೆಪಿ' ಅಂದರೆ 1 ಎಂಬ ಬೆಲೆಯನ್ನು 0ನೇ ಜಾಗದಲ್ಲಿಡು; ಜಾಗಗಳ ಎಣಿಕೆ ಸೊನ್ನೆಯಿಂದ ಶುರು. ಸನ್ ಕಂಪನಿಗೆ ಸಿಕ್ಕಿದ್ದ ಈಥರ್ನೆಟ್ ವಿಳಾಸಗಳು 08:00:20 ಎಂದು ಶುರುವಾಗುತ್ತವೆ. ಹಾಗಾಗಿ '8 2 ಎಂಕೆಪಿ', '0 3 ಎಂಕೆಪಿ', '20 4 ಎಂಕೆಪಿ'. ಉಳಿದ ಮೂರು ಬೈಟ್ ನಿಮ್ಮ ಮನೆಯ ನೆಟ್‌ವರ್ಕಿನಲ್ಲಿ ಬೇರೆ ಯಾರಿಗೂ ಇಲ್ಲದ ಅಂಕಿಗಳಾದರೆ ಸಾಕು. ಕೊನೆಗೆ ತಾಳೆಯ ಬೈಟ್ ಹಾಕಿ ಯಂತ್ರವನ್ನು ಮತ್ತೆ ಶುರು ಮಾಡಿ. ದೂರು ಮಾಯ.

ಇನ್ನು ಆಪರೇಟಿಂಗ್ ಸಿಸ್ಟಮ್. ಯುನಿಕ್ಸ್ ಮಾದರಿಯ ಉಚಿತ ವ್ಯವಸ್ಥೆಗಳಲ್ಲಿ ಒಂದಾದ ಓಪನ್‌ಬಿಎಸ್‌ಡಿ ಸ್ಪಾರ್ಕ್ ಎಂಬ ಈ 32 ಬಿಟ್ ಪ್ರೊಸೆಸರ್‌ಗಳನ್ನು 2016ರ 5.9 ಆವೃತ್ತಿಯ ನಂತರ ಕೈಬಿಟ್ಟಿತು. 1993ರಲ್ಲಿ ಹುಟ್ಟಿದ ನೆಟ್‌ಬಿಎಸ್‌ಡಿ ಬಿಟ್ಟಿಲ್ಲ. 2024ರ ಮಾರ್ಚ್‌ನಲ್ಲಿ ಬಂದ ಅದರ 10ನೇ ಆವೃತ್ತಿ ಸ್ಪಾರ್ಕ್‌ಗೂ ಇದೆ. ಇದು ಹೇಗೆ ಸಾಧ್ಯ? ಯಂತ್ರಕ್ಕೆ ಅಂಟಿದ ಕೋಡ್ ಬೇರೆ, ಎಲ್ಲಾ ಯಂತ್ರಗಳಿಗೂ ಹೊಂದುವ ಕೋಡ್ ಬೇರೆ ಎಂದು ಅವರು ಕಟ್ಟುನಿಟ್ಟಾಗಿ ವಿಂಗಡಿಸಿದ್ದಾರೆ. ಲ್ಯಾನ್ಸ್ ಎಂಬ ಈಥರ್ನೆಟ್ ಚಿಪ್ ಸನ್ ಯಂತ್ರದಲ್ಲೂ ಇತ್ತು, ಡಿಇಸಿ ಎಂಬ ಇನ್ನೊಂದು ಕಂಪನಿಯ ಯಂತ್ರದಲ್ಲೂ ಇತ್ತು. ಚಿಪ್ಪನ್ನು ನಡೆಸುವ ಕೋಡ್ ಒಂದೇ. ಆಯಾ ಯಂತ್ರದ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಹೇಳುವ ತೆಳುವಾದ ಪದರ ಮಾತ್ರ ಬೇರೆ. ಮೇಲಾಗಿ ಇಡೀ ವ್ಯವಸ್ಥೆಯನ್ನು ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲೇ ಸ್ಪಾರ್ಕ್‌ಗಾಗಿ ಕಂಪೈಲ್ ಮಾಡಬಹುದು, ಅಂದರೆ ಕೋಡನ್ನು ಅದರ ಯಂತ್ರಭಾಷೆಗೆ ಬದಲಿಸಿಕೊಳ್ಳಬಹುದು. ಹಳೆಯ ಯಂತ್ರ ಒದ್ದಾಡಬೇಕಿಲ್ಲ.

ಸನ್ ಮಾನಿಟರ್ ಇಲ್ಲ ಎಂದು ಕೈಚೆಲ್ಲಬೇಡಿ. ಕೀಲಿಮಣೆ ಜೋಡಿಸದೇ ಇದ್ದರೆ ಯಂತ್ರ ತಾನಾಗಿ ಸೀರಿಯಲ್ ಪೋರ್ಟಿನಲ್ಲಿ, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಅದಕ್ಕೆ ಜೋಡಿಸಿದ ಇನ್ನೊಂದು ಕಂಪ್ಯೂಟರಿನೊಡನೆ ಮಾತಾಡುತ್ತದೆ. ಸ್ಕಸಿ (SCSI) ಎಂಬ ಜೋಡಣೆಯ ಹಳೆಯ ಡಿಸ್ಕ್ ಕೆಟ್ಟಿದ್ದರೆ ಎಸ್‌ಡಿ ಕಾರ್ಡನ್ನೇ ಡಿಸ್ಕ್ ಎಂದು ನಂಬಿಸುವ ಬ್ಲೂಸ್ಕಸಿಯಂಥ ಬೋರ್ಡುಗಳಿವೆ.

ಇದರಲ್ಲಿ ಇಂದಿನ ಬ್ರೌಸರ್ ಓಡುವುದಿಲ್ಲ. ಸ್ಪಾರ್ಕ್‌ಸ್ಟೇಷನ್ 5ರ ನೆನಪಿನ ಗರಿಷ್ಠ ಮಿತಿಯೇ 256 ಮೆಗಾಬೈಟ್. ಆದರೆ ಸಿ ಭಾಷೆಯಲ್ಲಿ ಬರೆಯುವವರಿಗೆ ಇದು ಒಳ್ಳೆಯ ಪರೀಕ್ಷಕ. ನಾಲ್ಕು ಬೈಟಿನ ಸಂಖ್ಯೆಯನ್ನು ನಾಲ್ಕರಿಂದ ಭಾಗವಾಗದ ವಿಳಾಸದಿಂದ ಓದಲು ಹೋದರೆ ನಮ್ಮ ಇಂಟೆಲ್ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಸುಮ್ಮನೆ ಓದಿಕೊಡುತ್ತದೆ. ತಪ್ಪು ಕಣ್ಣಿಗೇ ಬೀಳುವುದಿಲ್ಲ. ಸ್ಪಾರ್ಕ್ ಒಪ್ಪುವುದಿಲ್ಲ. 'ಬಸ್ ಎರರ್' ಎಂದು ಆ ಸಾಲಿನಲ್ಲೇ ಪ್ರೋಗ್ರಾಮನ್ನು ನಿಲ್ಲಿಸಿ, ತಪ್ಪಿರುವ ಜಾಗ ತೋರಿಸುತ್ತದೆ.