ಇಜಿಆರ್ ಬೈಪಾಸ್: ಒಂದು ಚಿಕ್ಕ ತಗಡಿನ ಹಿಂದಿನ ಉದ್ದದ ಕಥೆ

ಡೀಸೆಲ್ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಒಳಗೆ ಬೆರಳಾಡಿಸಿದವರಿಗೆ ಇಜಿಆರ್ ಮೇಲೆ, ಅಂದರೆ ಇಂಜಿನ್ ಬಿಟ್ಟ ಹೊಗೆಯ ಒಂದು ಪಾಲನ್ನು ವಾಪಸ್ ಇಂಜಿನ್ನಿಗೇ ಕಳಿಸುವ ವ್ಯವಸ್ಥೆಯ ಮೇಲೆ, ಸಿಟ್ಟು ಬರದೇ ಇರುವುದಿಲ್ಲ. ನನಗೂ ಬಂದಿತ್ತು. ಕಾರು ಒಂದು ಲಕ್ಷ ಕಿಲೋಮೀಟರ್ ದಾಟಿತ್ತು. ಪಿಕಪ್ ಸತ್ತುಹೋಗಿತ್ತು, ನಿಂತಲ್ಲೇ ಇಂಜಿನ್ ನಡುಗುತ್ತಿತ್ತು, ಚೆಕ್ ಇಂಜಿನ್ ಲೈಟ್ ಆರುತ್ತಲೇ ಇರಲಿಲ್ಲ. ಬಿಚ್ಚಿ ನೋಡಿದರೆ, ಗಾಳಿ ಓಡಾಡಬೇಕಾದ ದಾರಿ ತುಂಬ ಟಾರಿನಂಥ ಕಪ್ಪು ಮಡ್ಡಿ, ಅರ್ಧಕ್ಕರ್ಧ ಮುಚ್ಚಿಹೋಗಿದೆ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ಸುಮ್ನೆ ಬೈಪಾಸ್ ಮಾಡಿಸಿಬಿಡಿ ಸರ್, ಇಂಜಿನ್ ಚೆನ್ನಾಗಿರುತ್ತೆ."

"ಇಂಜಿನ್ ಚೆನ್ನಾಗಿರಲಿ ಅಂತ." ಈ ಮಾತನ್ನು ನೆನಪಿಟ್ಟುಕೊಳ್ಳಿ. ಇಜಿಆರ್‌ನ ಇಡೀ ಇತಿಹಾಸದಲ್ಲಿ ಮತ್ತೆ ಮತ್ತೆ ಬರುವ ಮಾತು ಇದು. ಗ್ಯಾರೇಜ್‌ಗಿಂತ ಮುಂಚೆ ದೊಡ್ಡ ದೊಡ್ಡ ಕಾರು ಕಂಪನಿಗಳೇ ಇದನ್ನು ಹೇಳಿದ್ದವು.

ಮೊದಲು ಒಂದು ಗೊಂದಲ ಬಿಡಿಸೋಣ. ಹಲವು ಡೀಸೆಲ್ ಕಾರುಗಳಲ್ಲಿ ಕಂಪನಿಯೇ ಕೊಟ್ಟ 'ಇಜಿಆರ್ ಕೂಲರ್ ಬೈಪಾಸ್' ಅಂತ ಒಂದು ಇರುತ್ತದೆ. ಇಂಜಿನ್ ತಣ್ಣಗಿರುವಾಗ ಹೊಗೆ ತನ್ನನ್ನು ತಣಿಸುವ ಕೂಲರ್ ಒಳಗೆ ಹೋಗದೆ ನೇರವಾಗಿ ಬರಲಿ, ಇಂಜಿನ್ ಬೇಗ ಬಿಸಿಯಾಗಲಿ ಅಂತ ಇಟ್ಟ ದಾರಿ ಅದು. ಅದರ ಬಗ್ಗೆ ತಕರಾರಿಲ್ಲ. ನಾನು ಹೇಳುತ್ತಿರುವುದು ಇನ್ನೊಂದನ್ನು. ಹೊಗೆ ಇಂಜಿನ್ನಿಗೆ ವಾಪಸ್ ಹೋಗುವ ದಾರಿಯನ್ನೇ ತಗಡು ಹಾಕಿ ಮುಚ್ಚುವುದು, ಇಲ್ಲವೇ ವಾಲ್ವ್ ತೆಗೆದು ಆ ಜಾಗಕ್ಕೆ ಖಾಲಿ ಪೈಪ್ ಕೂರಿಸುವುದು.

ಹೊಗೆಯನ್ನು ವಾಪಸ್ ಇಂಜಿನ್ನಿಗೆ ಕುಡಿಸುವುದು ಯಾಕೆ? ಕೇಳಿದರೆ ಹುಚ್ಚು ಅನಿಸುತ್ತದೆ, ಅಲ್ವಾ? ಗಾಳಿಯಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್. ಸಾಮಾನ್ಯವಾಗಿ ಅದು ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಸಿಲಿಂಡರ್ ಒಳಗೆ ಉರಿಯುವ ಜಾಗದ ಬಿಸಿ ಸುಮಾರು 1,500 ಡಿಗ್ರಿ ದಾಟಿ ಮೇಲೇರುತ್ತಾ ಹೋದಂತೆ ಅದು ಆಕ್ಸಿಜನ್ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಈ ಕ್ಷೇತ್ರದವರು ಇದನ್ನು ನಾಕ್ಸ್ ಅನ್ನುತ್ತಾರೆ. ಬಿಸಿ ಸ್ವಲ್ಪ ಏರಿದರೂ ನಾಕ್ಸ್ ಬಹಳ ಏರುತ್ತದೆ. ಡೀಸೆಲ್ ಇಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಎಳೆದುಕೊಂಡು ಓಡುತ್ತದೆ, ಹಾಗಾಗಿ ಅಲ್ಲಿ ಆಕ್ಸಿಜನ್‌ಗೆ ಬರವಿಲ್ಲ. ಆ ಗಾಳಿಯಲ್ಲಿ ಒಂದು ಪಾಲು ತೆಗೆದು, ಆಗಲೇ ಉರಿದುಹೋದ ಹೊಗೆ ಸೇರಿಸಿದರೆ ಆಕ್ಸಿಜನ್ ಕಡಿಮೆಯಾಗುತ್ತದೆ. ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಬಿಸಿಯನ್ನು ಹೀರಿಕೊಳ್ಳುತ್ತವೆ. ಉರಿ ಮೆತ್ತಗಾಗುತ್ತದೆ, ನಾಕ್ಸ್ ಇಳಿಯುತ್ತದೆ. ಹಗುರ ಲೋಡ್‌ನಲ್ಲಿ ಓಡುವಾಗ ಒಳಗೆ ಹೋಗುವುದರಲ್ಲಿ ಅರ್ಧದಷ್ಟು ಹೊಗೆಯೇ ಇರಬಹುದು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವಾಲ್ವ್ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬೈಪಾಸ್ ಮಾಡಿದರೆ ಪವರ್ ಜಾಸ್ತಿ ಆಗುತ್ತೆ ಅನ್ನುವ ಮಾತಿನಲ್ಲಿ ಹುರುಳಿಲ್ಲ. ಮಾಡಿಸಿದ ಮೇಲೆ ಗಾಡಿ ಚುರುಕಾಯಿತು ಅನಿಸಿದರೆ, ಅದಕ್ಕೆ ಮುಂಚೆ ವಾಲ್ವ್ ಪೂರ್ತಿ ಮುಚ್ಚದೆ ಸಿಕ್ಕಿಕೊಂಡಿತ್ತು ಅಂತ ಅರ್ಥ.

ಕಥೆ ಶುರುವಾಗುವುದು ಲಾಸ್ ಏಂಜಲೀಸ್‌ನಲ್ಲಿ. 1943ರ ಬೇಸಿಗೆಯಲ್ಲಿ ಒಂದು ದಿನ ಊರಿನ ಮೇಲೆ ಕಣ್ಣುರಿಸುವ ಮಂಜು ಕವಿಯಿತು. ಯುದ್ಧದ ಕಾಲ, ಜಪಾನ್ ವಿಷಾನಿಲ ಬಿಟ್ಟಿತೇನೋ ಅಂತ ಜನ ಹೆದರಿದರು. ಅದು ಎಲ್ಲಿಂದ ಬರುತ್ತದೆ ಅಂತ ತಿಳಿಯಲು ವರ್ಷಗಳೇ ಬೇಕಾದವು. ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದ ಆರಿ ಹಾಗೆನ್-ಸ್ಮಿಟ್ ಅನ್ನುವ ರಸಾಯನ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಅದನ್ನು ಬಿಡಿಸಿ ತೋರಿಸಿದರು. ಉರಿಯದೆ ಉಳಿದ ಇಂಧನದ ಆವಿ, ನಾಕ್ಸ್, ಮೇಲೆ ಬಿಸಿಲು, ಈ ಮೂರೂ ಸೇರಿ ಓಝೋನ್ ಹುಟ್ಟುತ್ತಿತ್ತು. ಬರುತ್ತಿದ್ದುದು ಬಹುಪಾಲು ಕಾರು ಮತ್ತು ಎಣ್ಣೆ ಶುದ್ಧೀಕರಣ ಘಟಕಗಳಿಂದ. ಕಾರು ಕಂಪನಿಗಳು ಒಪ್ಪಲು ಬಹಳ ಸತಾಯಿಸಿದವು. ಕೊನೆಗೆ 1971ರ ಮಾಡೆಲ್‌ಗಳಿಗೆ ಕ್ಯಾಲಿಫೋರ್ನಿಯಾ ನಾಕ್ಸ್ ಮಿತಿ ಹಾಕಿತು, 1973ರ ಮಾಡೆಲ್‌ಗಳಿಗೆ ಇಡೀ ಅಮೆರಿಕ ಹಾಕಿತು. ಅಲ್ಲಿಂದ ಪೆಟ್ರೋಲ್ ಕಾರುಗಳಲ್ಲಿ ಇಜಿಆರ್ ಸಾಮಾನ್ಯವಾಯಿತು.

ಆಗಿನ ಇಜಿಆರ್ ಒರಟು. ಬರೀ ವ್ಯಾಕ್ಯೂಮ್‌ನಿಂದ ತೆರೆಯುವ ವಾಲ್ವ್, ಕಾರ್ಬ್ಯುರೇಟರ್ ಇಂಜಿನ್. ಗಾಡಿ ಮುಗ್ಗರಿಸುತ್ತಿತ್ತು, ಆಫ್ ಆಗುತ್ತಿತ್ತು. ಮಾಲೀಕರು ಆ ವ್ಯಾಕ್ಯೂಮ್ ಪೈಪನ್ನು ಕಿತ್ತು ಬಾಯಿಗೆ ಒಂದು ಸ್ಕ್ರೂ ತುರುಕುತ್ತಿದ್ದರು. ಇಜಿಆರ್ ಬೈಪಾಸ್ ಅನ್ನುವುದರ ಅಜ್ಜ ಈ ಸ್ಕ್ರೂ.

ಅದೇ ಹೊತ್ತಿಗೆ ಕಂಪನಿಗಳೂ ತಮ್ಮ ಮಟ್ಟದಲ್ಲಿ ಅದನ್ನೇ ಮಾಡುತ್ತಿದ್ದವು. ಪರೀಕ್ಷೆಯ ಕೋಣೆಯಲ್ಲಿ ಬೆಚ್ಚಗಿರುತ್ತದೆ, ಹೊರಗೆ ಚಳಿ ಇರುತ್ತದೆ. ಗಾಳಿ ತಣ್ಣಗಿದ್ದರೆ ಹೊಗೆ ನಿಯಂತ್ರಣವನ್ನೇ ನಿಲ್ಲಿಸುವ ಒಂದು ಸ್ವಿಚ್ ಇಟ್ಟರೆ ಆಯಿತು. ಇಂಥ ಸ್ವಿಚ್‌ಗಳ ವಿಚಾರದಲ್ಲಿ 1970ರ ದಶಕದಲ್ಲೇ ಫೋಕ್ಸ್‌ವ್ಯಾಗನ್ 1,20,000 ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಹೌದು, ಇದೇ ಕಂಪನಿ 2015ರಲ್ಲಿ ಸಿಕ್ಕಿಬಿದ್ದ ಹಗರಣಕ್ಕೆ ನಾಲ್ಕು ದಶಕ ಮುಂಚೆ.

ಡೀಸೆಲ್ ಕಾರಿಗೆ ಬಂದರೆ ವಿಷಯ ಇನ್ನೂ ಗಟ್ಟಿಯಾಗುತ್ತದೆ. 1989ರಲ್ಲಿ ಆಡಿ 100 ಕಾರಿನಲ್ಲಿ ಟಿಡಿಐ ಇಂಜಿನ್ ಬಂದ ಮೇಲೆ ಯುರೋಪ್‌ನಲ್ಲಿ ನೇರ ಇಂಜೆಕ್ಷನ್ ಡೀಸೆಲ್‌ಗಳ, ಅಂದರೆ ಇಂಧನವನ್ನು ನೇರವಾಗಿ ಸಿಲಿಂಡರ್ ಒಳಗೇ ಚಿಮ್ಮಿಸುವ ಇಂಜಿನ್‌ಗಳ, ಕಾಲ ಶುರುವಾಯಿತು. ಮೈಲೇಜ್ ಜಾಸ್ತಿ, ಆದರೆ ನಾಕ್ಸ್ ಕೂಡ ಜಾಸ್ತಿ. 1992ರಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಯುರೋ ನಿಯಮಗಳು ಬಂದವು. 2000ದ ಯುರೋ 3ರಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 500 ಮಿಲಿಗ್ರಾಂ ನಾಕ್ಸ್ ಬಿಡಬಹುದಿತ್ತು. ಯುರೋ 4ರಲ್ಲಿ 250, ಯುರೋ 5ರಲ್ಲಿ 180, ಯುರೋ 6ರಲ್ಲಿ ಬರೀ 80. ಮಿತಿ ಇಳಿದಂತೆಲ್ಲ ಇಂಜಿನ್ನಿಗೆ ಕುಡಿಸುವ ಹೊಗೆ ಜಾಸ್ತಿಯಾಯಿತು.

ಇಲ್ಲೇ ಇರುವುದು ನೋವು. ಡೀಸೆಲ್‌ನಲ್ಲಿ ನಾಕ್ಸ್ ಮತ್ತು ಮಸಿ ತಕ್ಕಡಿಯ ಎರಡು ತಟ್ಟೆ ಇದ್ದಂತೆ. ಉರಿ ತಣ್ಣಗೆ ಮಾಡಿದರೆ ನಾಕ್ಸ್ ಇಳಿದು ಮಸಿ ಏರುತ್ತದೆ. ಆ ಮಸಿ ಇಜಿಆರ್ ದಾರಿಯಲ್ಲೇ ವಾಪಸ್ ಬರುತ್ತದೆ. ಇನ್ನೊಂದು ಕಡೆಯಿಂದ, ಇಂಜಿನ್ ತಳದ ಆವಿ ಹೊರಬಿಡುವ ಕ್ರ್ಯಾಂಕ್‌ಕೇಸ್ ಬ್ರೀದರ್ ಪೈಪಿನಲ್ಲಿ ಎಣ್ಣೆಯ ಆವಿ ಬರುತ್ತದೆ. ಒಣ ಮಸಿ, ಜಿಗುಟು ಎಣ್ಣೆ, ಎರಡೂ ಮ್ಯಾನಿಫೋಲ್ಡ್‌ನಲ್ಲಿ ಭೇಟಿಯಾದರೆ ನಾನು ನೋಡಿದ ಆ ಮಡ್ಡಿ ತಯಾರು. ಬರೀ ಹತ್ತಿರದ ಓಡಾಟ, ಇಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಆಫ್, ಇಂಥ ಗಾಡಿಗಳಲ್ಲಿ ಇದು ಬೇಗ ಕಟ್ಟುತ್ತದೆ. ಜನರ ದೂರು ಸುಳ್ಳಲ್ಲ. ಕೊಳೆ ಹಿಡಿಯುವುದು ಖಚಿತ ಅಂತ ಗೊತ್ತಿರುವ ಭಾಗವನ್ನು ಇಂಜಿನ್ ಹಿಂದೆ, ಕೈ ಹೋಗದ ಮೂಲೆಯಲ್ಲಿ ಕೂರಿಸಿದ್ದು ಕಂಪನಿಗಳ ದೊಡ್ಡ ತಪ್ಪು. ಆರು ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ಹಾಗೆ ಇಟ್ಟಿದ್ದರೆ ಬೈಪಾಸ್ ಇಷ್ಟು ಹಬ್ಬುತ್ತಿರಲಿಲ್ಲ.

ಬೈಪಾಸ್ ಕೂಡ ಕಾಲಕ್ಕೆ ತಕ್ಕಂತೆ ಬದಲಾಯಿತು. ಹಳೇ ಡೀಸೆಲ್‌ಗಳಲ್ಲಿ ಇಸಿಯುಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗೆ) ಹೊಗೆ ನಿಜವಾಗಿ ಬರುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಪೈಪಿನ ಮಧ್ಯೆ ಗ್ಯಾಸ್ಕೆಟ್ ಆಕಾರದ ತಗಡು ಇಟ್ಟು ಬೋಲ್ಟ್ ಬಿಗಿದರೆ ಮುಗಿಯಿತು. ಯುರೋಪ್‌ನಲ್ಲಿ 2003-04ರಿಂದ ಡೀಸೆಲ್ ಕಾರುಗಳಿಗೂ ಒಬಿಡಿ, ಅಂದರೆ ಗಾಡಿಯೇ ತನ್ನ ದೋಷ ಪತ್ತೆಹಚ್ಚಿ ಹೇಳುವ ವ್ಯವಸ್ಥೆ, ಕಡ್ಡಾಯವಾಯಿತು. ಇಜಿಆರ್ ತೆರೆದಾಗ ಹೊಸ ಗಾಳಿ ಕಡಿಮೆ ಬರಬೇಕು, ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಅದನ್ನು ಹೇಳುತ್ತದೆ. ಕಡಿಮೆಯಾಗದಿದ್ದರೆ ಇಸಿಯು ಪಿ0401 ಅಂತ ಕೋಡ್ ಬರೆದು ಲೈಟ್ ಹಚ್ಚುತ್ತದೆ. ಅದಕ್ಕೆ ಜನ ತಗಡಿಗೆ ಸಣ್ಣ ತೂತು ಕೊರೆದರು, ಸ್ವಲ್ಪ ಹೊಗೆ ಹೋಗಲಿ, ಲೈಟ್ ಹತ್ತದಿರಲಿ ಅಂತ. ಆಮೇಲೆ ಸೆನ್ಸರ್ ಸಿಗ್ನಲ್ ತಿದ್ದುವ ಪುಟ್ಟ ಎಲೆಕ್ಟ್ರಾನಿಕ್ ಡಬ್ಬಿಗಳು ಬಂದವು. ಕೊನೆಗೆ ಇಸಿಯು ಸಾಫ್ಟ್‌ವೇರನ್ನೇ ರೀಮ್ಯಾಪ್ ಮಾಡಿ ಇಜಿಆರ್ ಇದೆ ಅನ್ನುವುದನ್ನೇ ಮರೆಸುವುದು ಶುರುವಾಯಿತು.

ಸಾಫ್ಟ್‌ವೇರ್ ಅಂದಕೂಡಲೇ 2015 ನೆನಪಾಗುತ್ತದೆ. ಆ ವರ್ಷ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿತು. ಪರೀಕ್ಷೆ ನಡೆಯುತ್ತಿದೆ ಅಂತ ಕಾರಿಗೇ ಗೊತ್ತಾಗುತ್ತಿತ್ತು. ಅಲ್ಲಿ ಶುದ್ಧ, ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೂ ನಾಕ್ಸ್. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರು. ಸರಿಪಡಿಸಲು ಕೊಟ್ಟ ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡ ಮೇಲೆ ಇಜಿಆರ್ ವಾಲ್ವ್ ಕೆಟ್ಟಿತು ಅಂತ ಹಲವು ಮಾಲೀಕರು ದೂರಿದರು.

ಆ ಹೊಸ ಸಾಫ್ಟ್‌ವೇರ್‌ನಲ್ಲೂ ಒಂದು ಕಿಂಡಿ ಇತ್ತು. ಹೊರಗಿನ ಗಾಳಿ 15ರಿಂದ 33 ಡಿಗ್ರಿ ಒಳಗಿದ್ದರೆ, ಮತ್ತು ಗಾಡಿ 1,000 ಮೀಟರ್‌ಗಿಂತ ಕೆಳಗಿದ್ದರೆ ಮಾತ್ರ ಇಜಿಆರ್ ಪೂರ್ತಿ ಕೆಲಸ ಮಾಡುತ್ತಿತ್ತು. ಯಾಕೆ ಅಂದರೆ ಇಂಜಿನ್ ಚೆನ್ನಾಗಿರಲಿ ಅಂತ! 1970ರ ದಶಕದ ಅದೇ ಸ್ವಿಚ್, ಈ ಸಲ ಕೋಡ್ ರೂಪದಲ್ಲಿ. ಯುರೋಪಿಯನ್ ನ್ಯಾಯಾಲಯ 2020ರ ಡಿಸೆಂಬರ್‌ನಲ್ಲೇ ಇನ್ನೊಂದು ಪ್ರಕರಣದಲ್ಲಿ ಹೇಳಿತ್ತು: ಇಂಜಿನ್ ಮಸಿ ಹಿಡಿಯುವುದು, ಸವೆಯುವುದು ಇವೆಲ್ಲ ಮಾಮೂಲಿ, ಅದನ್ನು ತಡೆಯಲಿಕ್ಕೆ ಅಂತ ಹೊಗೆ ನಿಯಂತ್ರಣ ನಿಲ್ಲಿಸುವ ಹಾಗಿಲ್ಲ. 2022ರ ಜುಲೈನಲ್ಲಿ ಈ ತಾಪಮಾನದ ಕಿಂಡಿಯೂ ಪರೀಕ್ಷೆಗೆ ಮಣ್ಣೆರಚುವ ಸಾಧನವೇ ಅಂದಿತು. ಇಂಜಿನ್ನಿಗೆ ತಕ್ಷಣದ ದೊಡ್ಡ ಅಪಾಯ ಇದ್ದರೆ ಮಾತ್ರ ರಿಯಾಯಿತಿ, ಅದೂ ವರ್ಷದ ಬಹುಪಾಲು ನಡೆಯುವಂತಿದ್ದರೆ ಇಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮೆಕ್ಯಾನಿಕ್ ಮಾತು. ಕಂಪನಿಗೆ ಕೋರ್ಟ್ ಕೊಟ್ಟ ಉತ್ತರ ನನ್ನ ತಗಡಿಗೂ ಅನ್ವಯಿಸುತ್ತದೆ.

ಬಿಡಿಬಿಡಿಯಾಗಿ ಒಬ್ಬೊಬ್ಬರು ಮಾಡಿಸಿದರೆ ಏನಾಗುತ್ತೆ ಅನ್ನುವವರಿಗೆ ಒಂದು ಲೆಕ್ಕ. ಇಜಿಆರ್, ಮಸಿ ಹಿಡಿಯುವ ಫಿಲ್ಟರ್ ಇತ್ಯಾದಿ ಕಿತ್ತುಹಾಕಿದ ಡೀಸೆಲ್ ಪಿಕಪ್ ಟ್ರಕ್‌ಗಳು ಸುಮಾರು ಹತ್ತು ವರ್ಷದಲ್ಲಿ 5.5 ಲಕ್ಷಕ್ಕೂ ಜಾಸ್ತಿ ಅಂತ ಅಮೆರಿಕದ ಪರಿಸರ ಸಂಸ್ಥೆ 2020ರಲ್ಲಿ ಅಂದಾಜಿಸಿತು. ಒಂದೇ ದೇಶದಲ್ಲಿ, ಒಂದೇ ಬಗೆಯ ಗಾಡಿಯಲ್ಲಿ. ನಾಕ್ಸ್ ಉಸಿರಿನ ದಾರಿಯನ್ನು ಕೆರಳಿಸುತ್ತದೆ, ಆಸ್ತಮಾ ಇರುವವರನ್ನು ಮೊದಲು ಹಿಡಿಯುತ್ತದೆ. ಬೈಪಾಸ್ ಆದ ಗಾಡಿ ಹಿಂದೆ ನಿಂತರೆ ಇದು ಕಾಣುವುದೇ ಇಲ್ಲ. ಕಪ್ಪು ಹೊಗೆ ಕಡಿಮೆಯಾಗಿರುತ್ತದೆ, ಗಾಡಿ ಶುದ್ಧವಾಯಿತು ಅನಿಸುತ್ತದೆ. ಹೊಗೆಯ ಕಪ್ಪನ್ನಷ್ಟೇ ಅಳೆಯುವ ತಪಾಸಣೆಯಲ್ಲಿ ಅದು ಇನ್ನೂ ಚೆನ್ನಾಗಿ ಪಾಸಾಗುತ್ತದೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಬೇಸರ ತರುವ ಸಂಗತಿ ಇದು.

ಇಂಜಿನ್ನಿಗೂ ಇದು ಬರೀ ಲಾಭ ಅಲ್ಲ. ಇನ್‌ಟೇಕ್ ಶುದ್ಧವಾಗಿ ಉಳಿಯುತ್ತದೆ, ನಿಜ. ಆದರೆ ಉರಿ ಜೋರಾಗಿ ಕಟಕಟ ಸದ್ದು ಜಾಸ್ತಿಯಾಗುತ್ತದೆ, ಚಳಿಯಲ್ಲಿ ಇಂಜಿನ್ ಬಿಸಿಯಾಗುವುದು ನಿಧಾನ. ಡಿಪಿಎಫ್, ಅಂದರೆ ಮಸಿ ಹಿಡಿಯುವ ಫಿಲ್ಟರ್, ಇರುವ ಕಾರಿನಲ್ಲಿ ಇನ್ನೊಂದು ತೊಡಕಿದೆ. ಹಲವು ಕಾರುಗಳಲ್ಲಿ ಇಜಿಆರ್ ಕೋಡ್ ಇರುವ ತನಕ ಇಸಿಯು ಫಿಲ್ಟರಿನ ಮಸಿ ಸುಡುವುದನ್ನೇ ನಿಲ್ಲಿಸುತ್ತದೆ. ಆಮೇಲೆ ಫಿಲ್ಟರ್ ಕಟ್ಟಿಕೊಂಡು, ವಾಲ್ವ್‌ಗಿಂತ ಎಷ್ಟೋ ದುಬಾರಿ ಕೆಲಸ ತಲೆಗೆ ಬರುತ್ತದೆ.

ಇಜಿಆರ್ ನಿರಪಾಯ ಅಂತಲೂ ಅಲ್ಲ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಸಾಲಾಗಿ ಬೆಂಕಿ ಹತ್ತಿತು. ಇಜಿಆರ್ ಕೂಲರ್‌ನಿಂದ ಸೋರಿದ ಕೂಲೆಂಟ್ ಮಸಿಯ ಜೊತೆ ಸೇರಿ ಕಟ್ಟಿಕೊಂಡಿತ್ತು, ಬಿಸಿ ಹೊಗೆ ತಾಗಿ ಹೊತ್ತಿಕೊಳ್ಳುತ್ತಿತ್ತು. ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರು ವಾಪಸ್ ಕರೆದರು. ಹಾಗಾಗಿ ಸುಮ್ಮನೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಮೊದಲು ಆ ಕೂಲರ್ ತೋರಿಸಿ.

ನನ್ನ ಕಾರಿಗೆ ತಗಡು ಹಾಕಿಸಲಿಲ್ಲ. ಮ್ಯಾನಿಫೋಲ್ಡ್ ಮತ್ತು ವಾಲ್ವ್ ಬಿಚ್ಚಿಸಿ ಕೆರೆದು ತೊಳೆಸಿದೆ, ಒಂದು ದಿನ ಪೂರ್ತಿ ಹಿಡಿಯಿತು. ವಾಲ್ವ್ ಕೆಟ್ಟಿರಲಿಲ್ಲ, ಮಡ್ಡಿಯಿಂದ ಪೂರ್ತಿ ಮುಚ್ಚುತ್ತಿರಲಿಲ್ಲ ಅಷ್ಟೆ. ಅದಕ್ಕಿಂತ ಮುಖ್ಯವಾಗಿ, ಟರ್ಬೊ ಪೈಪಿನಲ್ಲಿ ಒಂದು ಸೀಳು ಸಿಕ್ಕಿತು. ಒತ್ತಿದ ಗಾಳಿ ಅಲ್ಲಿ ಸೋರಿ, ಇಂಜಿನ್ನಿಗೆ ಗಾಳಿ ಸಾಲದೆ ಮಸಿ ಜಾಸ್ತಿಯಾಗುತ್ತಿತ್ತು. ತಗಡು ಹಾಕಿಸಿದ್ದರೆ ಆ ಸೀಳು ಹಾಗೇ ಉಳಿದು, ಮಸಿ ಹೋಗಿ ಡಿಪಿಎಫ್‌ನಲ್ಲಿ ಕೂರುತ್ತಿತ್ತು. ಪೈಪ್ ಬದಲಾಯಿಸಿದ ಮೇಲೆ ಲೈಟ್ ಮತ್ತೆ ಹತ್ತಿಲ್ಲ. ಈಗ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸುತ್ತೇನೆ, ಮತ್ತು ಪ್ರತಿ ಸರ್ವಿಸ್‌ನಲ್ಲೂ ವಾಲ್ವ್ ಬಿಚ್ಚಿ ನೋಡಲು ಹೇಳುತ್ತೇನೆ.