ಏಳೆಂಟ್ಲ ಮರೆತರೆ ಮಗು ಏನು ಮಾಡಬೇಕು?

ಮೂರನೇ ತರಗತಿಯ ಹುಡುಗನೊಬ್ಬನನ್ನು "ಏಳೆಂಟ್ಲ ಎಷ್ಟೋ?" ಅಂತ ಕೇಳಿದೆ. ಕಣ್ಣು ಮುಚ್ಚಿಕೊಂಡು "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಅಂತ ಶುರು ಮಾಡಿದ. ಏಳಾರ್ಲ ಹತ್ತಿರ ತಡವರಿಸಿದ. ಮತ್ತೆ ಏಳೊಂದ್ಲದಿಂದ ಹೊರಟ. ಮೂರನೇ ಸಲವೂ ಅಲ್ಲೇ ಸಿಕ್ಕಿಕೊಂಡು ಸುಮ್ಮನಾದ.

ಆರರ ಮಗ್ಗಿ ಅವನಿಗೆ ಚೆನ್ನಾಗಿ ಬರುತ್ತಿತ್ತು. ಆರೇಳ್ಲ ನಲವತ್ತೆರಡು ಅಂತ ಥಟ್ಟನೆ ಹೇಳುತ್ತಿದ್ದ. ಏಳಾರ್ಲ ಅಂದರೂ ಅಷ್ಟೇ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಮಗ್ಗಿ ಬಾಯಿಪಾಠ ಬೇಡ ಅಂತ ನಾನು ಹೇಳುವುದಿಲ್ಲ. ಖಂಡಿತ ಬೇಕು. ಆದರೆ ಮರೆತಾಗ ಉತ್ತರ ಹುಡುಕಿಕೊಳ್ಳಲು ಮಗುವಿಗೆ ಬೇರೆ ದಾರಿಯೂ ಗೊತ್ತಿರಬೇಕು.

ಮರುದಿನ ಬಿಸಿಯೂಟದ ಕೋಣೆಯಿಂದ ಖಾಲಿ ಮೊಟ್ಟೆ ಟ್ರೇ ತಂದೆ. ಗುಳಿಗೊಂದರಂತೆ ಹುಣಸೆ ಬೀಜ ಹಾಕಿಸಿದೆ. ಸಾಲಿಗೆ ಆರು, ಐದು ಸಾಲು. ಒಟ್ಟು ಮೂವತ್ತು. ಆಮೇಲೆ ಟ್ರೇಯನ್ನು ಪಕ್ಕಕ್ಕೆ ತಿರುಗಿಸಿ, "ಈಗ ಎಷ್ಟು?" ಅಂದೆ. ಈಗ ಸಾಲಿಗೆ ಐದು, ಆರು ಸಾಲು. ಹುಡುಗ ಬೆರಳಿಟ್ಟು ಒಂದರಿಂದ ಎಣಿಸತೊಡಗಿದ. ಹತ್ತು ದಾಟುವಷ್ಟರಲ್ಲಿ ತಲೆ ಎತ್ತಿ, "ಮಿಸ್, ಬೀಜ ಅವೇ ಅಲ್ವಾ!" ಅಂದ.

ಇದನ್ನು ಮಗು ತಾನೇ ಕಂಡುಕೊಳ್ಳಬೇಕು. ಒಂದರಿಂದ ಹತ್ತರ ಮಗ್ಗಿಯಲ್ಲಿ 100 ಲೆಕ್ಕಗಳಿವೆ. ತಿರುಗಿಸಿದರೂ ಅಷ್ಟೇ ಅಂತ ತಿಳಿದ ಮೇಲೆ ಉಳಿಯುವುದು 55. ಒಂದು, ಎರಡು, ಐದು, ಹತ್ತರ ಮಗ್ಗಿ ಮಕ್ಕಳಿಗೆ ಬೇಗ ಬರುತ್ತವೆ. ಅವನ್ನೂ ಬಿಟ್ಟರೆ ಬರೀ 21! ನೂರು ಅಂದಾಗ ಮುಖ ಬಾಡಿಸಿಕೊಳ್ಳುವ ಮಗುವಿಗೆ ಈ 21 ಎಷ್ಟು ಧೈರ್ಯ ಕೊಡುತ್ತದೆ ಅನ್ನೋದನ್ನು ನಾನು ನೋಡಿದ್ದೇನೆ.

ಎರಡನೇ ದಾರಿ ಒಡೆದು ಕೂಡಿಸುವುದು. ನೆಲದ ಮೇಲೆ ರಂಗೋಲಿ ಚುಕ್ಕಿ ಇಡಿ. ಸಾಲಿಗೆ ಎಂಟು, ಏಳು ಸಾಲು. ಐದನೇ ಸಾಲಿನ ಕೆಳಗೆ ಒಂದು ಪೊರಕೆ ಕಡ್ಡಿ ಅಡ್ಡ ಇಡಿ. ಮೇಲೆ ಐದೆಂಟ್ಲ ನಲವತ್ತು, ಕೆಳಗೆ ಎರಡೆಂಟ್ಲ ಹದಿನಾರು. ಕೂಡಿಸಿದರೆ ಐವತ್ತಾರು. ಮುಂದಿನ ಸಲ ಕಡ್ಡಿಯನ್ನು ಮಗುವಿನ ಕೈಗೇ ಕೊಡಿ. ನಮ್ಮ ತರಗತಿಯ ಹುಡುಗಿಯೊಬ್ಬಳು ನಾಲ್ಕನೇ ಸಾಲಿನ ಕೆಳಗೆ ಇಟ್ಟಳು. 32, 24. ಅವಳಿಗೂ ಐವತ್ತಾರೇ ಬಂತು.

ಮಿಕ್ಕವು ಸಣ್ಣಪುಟ್ಟವು. ನಾಲ್ಕರಿಂದ ಗುಣಿಸಬೇಕಾದರೆ ಎರಡು ಸಲ ದುಪ್ಪಟ್ಟು ಮಾಡಿ, ಎಂಟಕ್ಕೆ ಮೂರು ಸಲ. ಒಂಬತ್ತಕ್ಕೆ ಹತ್ತರಿಂದ ಗುಣಿಸಿ ಒಂದು ಪಾಲು ಕಳೆಯಿರಿ: ಒಂಬತ್ತೇಳ್ಲ ಅಂದರೆ 70ರಲ್ಲಿ 7 ಹೋದರೆ 63.

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಮಿಸ್" ಅಂತ ಪೋಷಕರು ಹೇಳುವುದುಂಟು. ನಿಜವಾಗಿ ಇದು ತುಂಬಾ ಹಳೆಯದು. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ 135ನ್ನು 12ರಿಂದ ಗುಣಿಸುವ ಒಂದೇ ಲೆಕ್ಕಕ್ಕೆ ಹಲವು ದಾರಿಗಳಿವೆ. 12ನ್ನು ಎಂಟು ಮತ್ತು ನಾಲ್ಕಾಗಿ ಒಡೆದು ಗುಣಿಸಿ ಕೂಡಿಸಬಹುದು. ನಾಲ್ಕರಿಂದ ಗುಣಿಸಿ, ಬಂದದ್ದನ್ನು ಮತ್ತೆ ಮೂರರಿಂದ ಗುಣಿಸಬಹುದು. ಇಪ್ಪತ್ತರಿಂದ ಗುಣಿಸಿ, ಅದರಿಂದ 135ರ ಎಂಟು ಪಟ್ಟನ್ನು ಕಳೆಯಬಹುದು. ಹೇಗೆ ಮಾಡಿದರೂ 1620.

ಶಿಕ್ಷಕರಲ್ಲಿ ಒಂದು ಕೋರಿಕೆ. ಇಷ್ಟನ್ನೂ ಒಂದೇ ವಾರದಲ್ಲಿ ತುರುಕಬೇಡಿ. ಟ್ರೇ ತಿರುಗಿಸುವ ಆಟಕ್ಕೇ ಎರಡು ವಾರ ಕೊಟ್ಟರೂ ಜಾಸ್ತಿಯಲ್ಲ. ಪ್ರತಿ ಲೆಕ್ಕವನ್ನೂ ಮೂರು ವಿಧಾನದಲ್ಲಿ ಬರೆ ಅಂತ ಹೋಮ್‌ವರ್ಕ್ ಕೊಟ್ಟರೆ ಅದೂ ಇನ್ನೊಂದು ಬಾಯಿಪಾಠವಾಗುತ್ತದೆ.

"ಹೇಗೆ ಬಂತು?" ಅಂತ ಸರಿ ಉತ್ತರಕ್ಕೂ ಕೇಳಿ. ಒಮ್ಮೆ ಒಬ್ಬಳು ಆರೆಂಟ್ಲಕ್ಕೆ 48 ಅಂತ ಸರಿಯಾಗಿಯೇ ಬರೆದಿದ್ದಳು. "ಹೇಗೆ ಬಂತು ಪುಟ್ಟಿ?" ಅಂದೆ, ಅಷ್ಟೇ. ರಬ್ಬರ್ ತೆಗೆದುಕೊಂಡು ಗಬಕ್ಕನೆ ಅಳಿಸಿಬಿಟ್ಟಳು. ತಪ್ಪಾದಾಗ ಮಾತ್ರ ನಾನು ಹಾಗೆ ಕೇಳುತ್ತಿದ್ದೆ. ಆವತ್ತಿನಿಂದ ದಿನಾ ಎಲ್ಲರನ್ನೂ ಕೇಳುತ್ತೇನೆ. ಈಗ ಅವಳೇ ಸ್ಲೇಟು ಹಿಡಿದುಕೊಂಡು ಬಂದು, ಕಡ್ಡಿ ಎಲ್ಲಿಟ್ಟೆ ಅಂತ ತೋರಿಸುತ್ತಾಳೆ.